ಇಟಾಲಿಯನ್ ಜೋಡುಪದ: ಒಡೆಯುವುದು ಎಲ್ಲಿ, ಒತ್ತುವುದು ಎಲ್ಲಿ

ಇಟಲಿಯಲ್ಲಿ ಸ್ಟೇಷನ್ ಮಾಸ್ಟರಿಗೆ ಕಪೊಸ್ತತ್ಸ್ಯೋನೆ ಎನ್ನುತ್ತಾರೆ. ಕಾಪೊ ಎಂದರೆ ತಲೆ, ಮುಖ್ಯಸ್ಥ. ಸ್ತತ್ಸ್ಯೋನೆ ಎಂದರೆ ನಿಲ್ದಾಣ. ಈ ಪದವನ್ನು ಹೊಸದಾಗಿ ಕಲಿಯುವ ಕನ್ನಡಿಗರು ಎರಡು ಕಡೆ ಎಡವುತ್ತಾರೆ. ಬರೆಯುವಾಗ ಜಾಗ ಸಾಲದೆ ‘ಕಪೊಸ್-’ ಎಂದು ಮುರಿದು ಉಳಿದದ್ದನ್ನು ಮುಂದಿನ ಸಾಲಿಗೆ ಇಳಿಸುತ್ತಾರೆ. ಓದುವಾಗ ಮೊದಲ ‘ಕ’ದ ಮೇಲೆ ಎಲ್ಲ ಭಾರ ಹಾಕಿ, ಉಳಿದದ್ದನ್ನು ಒಂದೇ ಏರಿನಲ್ಲಿ ಓಡಿಸಿಬಿಡುತ್ತಾರೆ.

ಈ ಎರಡು ತಪ್ಪುಗಳಿಗೂ ಕಾರಣ ಒಂದೇ. ಎರಡು ಪದ ಕೂಡಿದ ಜಾಗವನ್ನು, ಅಂದರೆ ಬೆಸುಗೆಯನ್ನು, ಯಾವಾಗ ಲೆಕ್ಕಕ್ಕೆ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ಗೊತ್ತಿಲ್ಲದಿರುವುದು. ಇಟಾಲಿಯನ್ನಿನಲ್ಲಿ ಪದವನ್ನು ತುಂಡು ಮಾಡುವಾಗ ಬೆಸುಗೆಯನ್ನು ಮರೆಯಬೇಕು. ಒತ್ತು ಹಾಕುವಾಗ ಬೆಸುಗೆಯನ್ನು ಹುಡುಕಬೇಕು. ಮುಂದಿನದೆಲ್ಲ ಈ ಎರಡು ಮಾತುಗಳ ವಿವರ.

ಗುರುತುಗಳು

ಇಟಾಲಿಯನ್ನರು ಸಿಲ್ಲಬ ಎನ್ನುವುದನ್ನು ಇಲ್ಲಿ ‘ತುಂಡು’ ಎಂದು ಕರೆದಿದೆ. ತುಂಡುಗಳ ನಡುವೆ ಅಡ್ಡಗೆರೆ ಇದೆ. ‘ಒತ್ತು’ ಎಂದರೆ ಇಲ್ಲಿ ಉಚ್ಚಾರದ ಭಾರ. ಒತ್ತಕ್ಷರ ಎಂದು ತಿಳಿಯಬೇಡಿ. ಮುಖ್ಯ ಒತ್ತು ಬೀಳುವ ತುಂಡಿನ ಮುಂದೆ ˈ ಗುರುತಿದೆ, ಕಿರು ಒತ್ತು ತೋರಿಸಬೇಕಾದ ಕಡೆ ˌ ಗುರುತಿದೆ.

ದೀರ್ಘದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಬಳೆ ಬೇರೆ, ಬಾಳೆ ಬೇರೆ. ಇಟಾಲಿಯನ್ನಿನಲ್ಲಿ ದೀರ್ಘಕ್ಕೆ ಹಾಗೆ ಸ್ವಂತ ಬದುಕಿಲ್ಲ, ಅದು ಒತ್ತಿನ ನೆರಳು. ಒತ್ತು ಬಿದ್ದ ತುಂಡು ಸ್ವರದಲ್ಲಿ ಮುಗಿದರೆ ಆ ಸ್ವರ ಎಳೆಯುತ್ತದೆ, ವ್ಯಂಜನದಲ್ಲಿ ಮುಗಿದರೆ ಎಳೆಯುವುದಿಲ್ಲ. ಪದದ ಕಟ್ಟಕಡೆಯ ತುಂಡಿಗೆ ಒತ್ತು ಬಿದ್ದರೂ ಎಳೆಯುವುದಿಲ್ಲ. ಆದ್ದರಿಂದ ಇಲ್ಲಿ ಒತ್ತಿದ್ದಲ್ಲಿ ಮಾತ್ರ ದೀರ್ಘ ಬರೆದಿದೆ. ಹ್ರಸ್ವ ಅಕಾರ ಕಂಡಲ್ಲೆಲ್ಲ ಬಾಯಿ ಆಕಾರದಷ್ಟೇ ತೆರೆಯಬೇಕು, ಆದರೆ ಕಾಲ ಎಳೆಯಬಾರದು. ತ, ದ ಎರಡೂ ನಮ್ಮ ತ, ದಗಳೇ. ಇಂಗ್ಲಿಷಿನ ಅಭ್ಯಾಸದಿಂದ ಟ, ಡ ಮಾಡಬೇಡಿ.

ತುಂಡು ಮಾಡುವ ಕ್ರಮ

ಒಂಟಿ ವ್ಯಂಜನ ಯಾವಾಗಲೂ ಮುಂದಿನ ಸ್ವರಕ್ಕೆ ಸೇರುತ್ತದೆ: ˈಕಾ-ಸ (ಮನೆ), ಅ-ˈಮೋ-ರೆ (ಪ್ರೀತಿ). ಕನ್ನಡ ಬರೆಯುವ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಒತ್ತಕ್ಷರ ಬಂದಾಗ ಎಚ್ಚರ ಬೇಕು. ನಮ್ಮ ಲಿಪಿ ಎಲ್ಲ ಸಂಯುಕ್ತಾಕ್ಷರವನ್ನೂ ಮುಂದಿನ ಸ್ವರಕ್ಕೇ ಅಂಟಿಸುತ್ತದೆ: ‘ಅಕ್ಕ’ವನ್ನು ಅ, ಕ್ಕ ಎಂದು ಬಿಡಿಸುತ್ತೇವೆ. ಇಟಾಲಿಯನ್ನಿನಲ್ಲಿ ದ್ವಿತ್ವ ಬಂದರೆ ನಡುವೆಯೇ ಒಡೆಯಬೇಕು: ˈಪಲ್-ಲ (ಚೆಂಡು), ˈನೊತ್-ತೆ (ರಾತ್ರಿ). ಸಿ ಅಕ್ಷರದ ಮುಂದೆ ಕ್ಯೂ ಬಂದರೂ ಅದು ದ್ವಿತ್ವವೇ: ˈಅಕ್-ಕ್ವ (ನೀರು). ಬೇರೆ ಬೇರೆ ವ್ಯಂಜನ ಜೊತೆಯಾದರೂ ಸಾಮಾನ್ಯವಾಗಿ ನಡುವೆ ಒಡೆಯುತ್ತದೆ: ˈಅಲ್-ತೊ (ಎತ್ತರ), ˈಕಂ-ಪೊ (ಹೊಲ), ˈತೆಕ್-ನಿ-ಕೊ (ತಂತ್ರಜ್ಞ). ಇಲ್ಲಿ ಲಿಪಿಯ ಕಣ್ಣು ಬಿಟ್ಟು ಛಂದಸ್ಸಿನ ಕಿವಿ ಇಟ್ಟುಕೊಳ್ಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿರಬೇಕು. ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ಅಕ್ಷರಕ್ಕೆ ಆತುಕೊಂಡು ಅದನ್ನು ಭಾರ ಮಾಡುತ್ತದೆ. ಇಟಾಲಿಯನ್ ತುಂಡು ಮುಗಿಯುವುದೂ ಅಲ್ಲೇ.

ಇದಕ್ಕೆ ಮೂರು ಅಪವಾದಗಳಿವೆ, ಜೋಡುಪದಗಳಲ್ಲಿ ಮೂರೂ ಪದೇ ಪದೇ ಎದುರಾಗುತ್ತವೆ.

ಮೊದಲನೆಯದು, ಎರಡನೇ ವ್ಯಂಜನ ರ ಅಥವಾ ಲ ಆಗಿದ್ದು, ಅದರ ಹಿಂದೆ ಪ, ಬ, ತ, ದ, ಕ, ಗ, ಫ, ವ ಇದ್ದರೆ ಎರಡೂ ಜೊತೆಯಾಗಿ ಮುಂದಕ್ಕೆ ಹೋಗುತ್ತವೆ: ˈಕಾ-ಪ್ರ (ಆಡು), ˈರೇ-ಪ್ಲಿ-ಕ (ಮರುಪ್ರದರ್ಶನ). ಕನ್ನಡದ ಕಿವಿ ಇಲ್ಲಿ ಮೋಸ ಮಾಡುತ್ತದೆ. ‘ಪುತ್ರ’ ಎನ್ನುವಾಗ ನಮಗೆ ‘ಪು’ ಗುರು, ಮಾತಿನಲ್ಲಿ ತಕಾರ ಸ್ವಲ್ಪ ಬಿಗಿಯೂ ಆಗುತ್ತದೆ. ಅದೇ ಬಿಗಿಯನ್ನು ಕಾಪ್ರಕ್ಕೆ ಹಾಕಿದರೆ ‘ಕಪ್ಪ್ರ’ ಆಗುತ್ತದೆ. ಹಾಗಾಗಬಾರದು, ‘ಕಾ’ ತೆರೆದೇ ಇರಬೇಕು, ಎಳೆಯಬೇಕು.

ಎರಡನೆಯದು, ಎಸ್ ಅಕ್ಷರದ ಮುಂದೆ ವ್ಯಂಜನ ಬಂದರೆ ಬರಹದಲ್ಲಿ ಎರಡೂ ಮುಂದಿನ ತುಂಡಿಗೆ ಸೇರುತ್ತವೆ: ˈಪ-ಸ್ತ, ಫಿ-ˈನೆ-ಸ್ತ್ರ (ಕಿಟಕಿ). ಕನ್ನಡ ಲಿಪಿಯೂ ‘ಸ್ತ’ವನ್ನು ಒಟ್ಟಿಗೇ ಬರೆಯುವುದರಿಂದ ಈ ನಿಯಮ ನಮಗೆ ಸುಲಭ, ಇಂಗ್ಲಿಷ್ ಮೂಲಕ ಕಲಿಯುವವರೇ ‘ಪಸ್-ತ’ ಎಂದು ಒಡೆದು ತಪ್ಪುತ್ತಾರೆ. ಆದರೆ ಇದು ಲೇಖನಿಯ ನಿಯಮ. ಕಿವಿಯ ಮಟ್ಟಿಗೆ ಸಕಾರ ಹಿಂದಿನ ಸ್ವರವನ್ನು ಮುಚ್ಚುತ್ತದೆ, ಹಾಗಾಗಿ ಅಲ್ಲಿ ದೀರ್ಘ ಬರುವುದಿಲ್ಲ. ನಮ್ಮ ಹೋಟೆಲ್ ಫಲಕಗಳ ‘ಪಾಸ್ತಾ’ದಲ್ಲಿರುವ ಎರಡು ದೀರ್ಘಗಳೂ ಇಟಾಲಿಯನ್ ಬಾಯಲ್ಲಿಲ್ಲ. ಬರೆಯುವಾಗ ಪ-ಸ್ತ, ಹೇಳುವಾಗ ‘ಪ’ ಗುರು: ಛಂದಸ್ಸು ಬಲ್ಲ ಕನ್ನಡಿಗರಿಗೆ ಈ ಇಬ್ಬಂದಿ ಹೊಸದಲ್ಲ.

ಮೂರನೆಯದು, ಎರಡು ಮೂರು ಅಕ್ಷರ ಸೇರಿ ಒಂದೇ ಧ್ವನಿಯಾಗುವ ಜೋಡಿಗಳು. ಸಿ-ಎಚ್ (ಕ), ಜಿ-ಎಚ್ (ಗ), ಜಿ-ಎನ್ (ಞ), ಜಿ-ಎಲ್-ಐ (ಲ್ಯದ ಹತ್ತಿರದ ಧ್ವನಿ), ರೋಮನ್ ಲಿಪಿಯ ಇ ಅಥವಾ ಐ ಅಕ್ಷರ ಹಿಂಬಾಲಿಸಿದ ಎಸ್-ಸಿ (ಶ). ಇವನ್ನು ಎಂದೂ ಒಡೆಯಬಾರದು: ˈಸೊ-ಞೊ (ಕನಸು), ˈಫಿ-ಲ್ಯೊ (ಮಗ), ˈಪೆ-ಶೆ (ಮೀನು). ಎರಡು ಸ್ವರಗಳ ನಡುವೆ ಞ, ಲ್ಯ, ಶ ಮೂರೂ ತಾವಾಗಿಯೇ ದ್ವಿತ್ವದಂತೆ ನುಡಿಯುತ್ತವೆ. ಅದಕ್ಕೇ ಹಿಂದಿನ ಸ್ವರ ಹ್ರಸ್ವ.

ಸ್ವರಗಳ ವಿಷಯ ಚಿಕ್ಕದು. ಒತ್ತಿಲ್ಲದ ಇ, ಉ ಇನ್ನೊಂದು ಸ್ವರದ ಪಕ್ಕ ಬಂದರೆ ಸಾಮಾನ್ಯವಾಗಿ ಒಂದೇ ತುಂಡು: ˈಪ್ಯೇ-ದೆ (ಪಾದ), ˈಫ್ವೋ-ರಿ (ಹೊರಗೆ). ಆ ಇ ಅಥವಾ ಉಗೇ ಒತ್ತು ಬಿದ್ದರೆ ಎರಡು ತುಂಡು: ˈವೀ-ಅ (ದಾರಿ), ಪ-ˈಊ-ರ (ಭಯ). ಅ, ಎ, ಒ ತಮ್ಮತಮ್ಮಲ್ಲಿ ಕೂಡುವುದಿಲ್ಲ: ಪೊ-ˈಏ-ತ (ಕವಿ). ಆಗಮ ಸಂಧಿಯ ರೂಢಿಯಿಂದ ನಡುವೆ ಯಕಾರ ವಕಾರ ತರುವುದು ನಮ್ಮವರ ತಪ್ಪು, ‘ಪೊಯೇತ’ ಅಲ್ಲ.

ಬೆಸುಗೆಯನ್ನು ಮರೆಯುವುದು ಹೇಗೆ

ಈ ನಿಯಮಗಳನ್ನೇ ಜೋಡುಪದಕ್ಕೂ, ಅದು ಜೋಡುಪದ ಎಂಬುದನ್ನು ಗಮನಿಸದೆ, ಹಚ್ಚಬೇಕು. ˈಬೇ-ನೆ (ಒಳ್ಳೆಯದು) ಮತ್ತು ˈಎಸ್-ಸೆ-ರೆ (ಇರುವುದು) ಕೂಡಿದರೆ ‘ಕ್ಷೇಮ’ ಎಂಬ ಅರ್ಥದ ಪದ. ನಡುವಿನ ಎಕಾರ ಒಂದು ಲೋಪವಾಗಿ ಬೆಸುಗೆ ನಕಾರದ ಬಳಿ ಇದೆ. ಆದರೆ ಅದರ ತುಂಡು ಬೆ-ˈನೆಸ್-ಸೆ-ರೆ. ನಕಾರ ಬೆಸುಗೆ ದಾಟಿ ಮುಂದಿನ ಸ್ವರಕ್ಕೆ ಹೋಗಿ ಕೂತಿತು. ಇನ್ನಷ್ಟು ಇಂಥವು: ಮ-ಲಿನ್-ˈತೇ-ಸೊ (ತಪ್ಪು ತಿಳಿವಳಿಕೆ, ಮಾಲೆ, ಇಂತೇಸೊ), ಬ್ವೊ-ನು-ˈಮೋ-ರೆ (ಒಳ್ಳೆಯ ಮನಃಸ್ಥಿತಿ, ಬ್ವೊನ್, ಉಮೋರೆ), ಪೊ-ಮೊ-ˈದೋ-ರೊ (ಟೊಮ್ಯಾಟೊ, ಪೋಮೊ ದೋರೊ, ಅಂದರೆ ಚಿನ್ನದ ಹಣ್ಣು). ‘ಊರು’ ಮತ್ತು ‘ಅಲ್ಲಿ’ ಕೂಡಿ ‘ಊರಲ್ಲಿ’ ಆದಾಗ ನಾವೂ ‘ಊರ್-ಅಲ್ಲಿ’ ಎಂದು ಬಿಡಿಸಿ ಓದುವುದಿಲ್ಲವಲ್ಲ.

ಎರಡನೇ ಪದ ಸಕಾರದ ಒತ್ತಕ್ಷರದಿಂದ ಶುರುವಾದರೆ ನಿಯಮವೂ ಬೆಸುಗೆಯೂ ಒಂದೇ ಕಡೆ ಬೀಳುತ್ತವೆ, ಅಲ್ಲಿ ಚಿಂತೆಯಿಲ್ಲ: ಕ-ಪೊ-ಸ್ತ-ˈತ್ಸ್ಯೋ-ನೆ, ಲ-ವ-ಸ್ತೊ-ˈವಿ-ಲ್ಯೆ (ಪಾತ್ರೆ ತೊಳೆಯುವ ಯಂತ್ರ), ಅ-ಪ್ರಿ-ˈಸ್ಕಾ-ತೊ-ಲೆ (ಡಬ್ಬಿ ತೆರೆಯುವ ಸಾಧನ), ಫ್ವೊ-ರಿ-ˈಸ್ತ್ರಾ-ದ (ಕಚ್ಚಾ ಹಾದಿಯಲ್ಲೂ ಓಡುವ ವಾಹನ). ಮೊದಲ ಪದ ಸ್ವರದಲ್ಲಿ ಮುಗಿದು ಎರಡನೆಯದೂ ಸ್ವರದಿಂದ ಶುರುವಾದರೆ ಎರಡೂ ಬೇರೆ ಬೇರೆ ತುಂಡು: ಪೊರ್-ತ-ಒಂ-ˈಬ್ರೆಲ್-ಲಿ (ಕೊಡೆ ಇಡುವ ಸ್ಟ್ಯಾಂಡು), ಕ-ಪೊ-ಉಫ್-ˈಫೀ-ಚೊ (ಕಚೇರಿಯ ಮುಖ್ಯಸ್ಥ).

ಒಂದು ರಿಯಾಯಿತಿ ಇದೆ. ತ್ರನ್ಸ್, ದಿಸ್, ಸುಬ್, ಇಂತೆರ್, ಸೂಪೆರ್ ಮೊದಲಾದ ಪೂರ್ವಪ್ರತ್ಯಯ ವ್ಯಂಜನದಲ್ಲಿ ಮುಗಿದಾಗ, ಬೇಕಿದ್ದರೆ ಬೆಸುಗೆಯ ಬಳಿಯೂ ಒಡೆಯಬಹುದು. ಆಲ್ಪ್ಸ್ ಪರ್ವತದ ಆಚೆಯದು ಎಂಬುದಕ್ಕೆ ತ್ರನ್-ಸಲ್-ˈಪೀ-ನೊ ಎಂದರೂ ಸರಿ, ತ್ರನ್ಸ್-ಅಲ್-ˈಪೀ-ನೊ ಎಂದರೂ ಸರಿ. ಮೊದಲನೆಯದನ್ನೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಎರಡನೆಯದಕ್ಕೆ ಪ್ರತಿ ಪದದ ಹುಟ್ಟು ಗೊತ್ತಿರಬೇಕಾಗುತ್ತದೆ, ಗೊತ್ತಿಲ್ಲದೆ ಊಹಿಸಿದರೆ ತಪ್ಪುತ್ತದೆ. ಎರಡನ್ನೂ ಒಂದೇ ಬರಹದಲ್ಲಿ ಬೆರೆಸಬೇಡಿ. ‘ದುಃಖ, ವಿಷಾದ’ ಎಂಬ ಪದವನ್ನು ಕಲಿಯುವವರು ‘ದಿಸ್-ಪ್ಯ-ˈಚೇ-ರೆ’ ಎಂದು ಒಡೆಯುವುದು ಹೆಚ್ಚು. ದಿ-ಸ್ಪ್ಯ-ˈಚೇ-ರೆ ಎನ್ನುವುದೇ ನೇರವಾದ ದಾರಿ.

ಬೆಸುಗೆಯಲ್ಲಿ ಹುಟ್ಟುವ ದ್ವಿತ್ವ

ಬೆಸುಗೆಯಲ್ಲಿ ಎರಡನೇ ಪದದ ಮೊದಲ ವ್ಯಂಜನ ಇಮ್ಮಡಿಯಾಗುವುದು ಜೋಡುಪದಗಳ ಅತಿ ಕಷ್ಟದ ಭಾಗ. ಕನ್ನಡಿಗರಿಗೆ ದ್ವಿತ್ವ ನುಡಿಯಲು ಕಷ್ಟವಿಲ್ಲ. ಅದು ಎಲ್ಲಿ ಬರುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ˈಸೋ-ಪ್ರ (ಮೇಲೆ), ˈತುತ್-ತೊ (ಎಲ್ಲ) ಕೂಡಿದರೆ ಸೊ-ಪ್ರತ್-ˈತುತ್-ತೊ (ಎಲ್ಲಕ್ಕಿಂತ ಮುಖ್ಯವಾಗಿ). ಬೆಸುಗೆಯಲ್ಲಿ ಇನ್ನೊಂದು ತಕಾರ ಬಂತು. ಇಟಾಲಿಯನ್ನರೇ ಎಷ್ಟೋ ಜನ ಇದನ್ನು ಒಂದು ತಕಾರದಲ್ಲಿ ಬರೆದು ತಪ್ಪುತ್ತಾರೆ.

ಕಾರಣ ಮಾತಿನಲ್ಲಿದೆ. ಪದದ ಕೊನೆಯ ಒತ್ತಿನ ಸ್ವರ ಎಳೆಯುವುದಿಲ್ಲ ಎಂದೆವಲ್ಲ. ಆ ತುಂಡಿಗೆ ಸಲ್ಲಬೇಕಾದ ಭಾರವನ್ನು ಮುಂದಿನ ಪದದ ವ್ಯಂಜನ ಇಮ್ಮಡಿಯಾಗಿ ತುಂಬಿಕೊಡುತ್ತದೆ. ಕೆಲವು ಚಿಕ್ಕ ಪದಗಳಲ್ಲಿ ಲ್ಯಾಟಿನ್ ಕಾಲದ ಕೊನೆಯ ವ್ಯಂಜನ ಬಿದ್ದುಹೋಗಿ ಅದರ ಗುರುತು ಹೀಗೆ ಉಳಿದಿದೆ: ಲ್ಯಾಟಿನ್ನಿನ ಅದ್, ಎತ್, ಔತ್ ಇಂದು ಅ, ಎ, ಒ ಆಗಿವೆ. ಟಸ್ಕನಿಯಲ್ಲೂ ಅದರ ದಕ್ಷಿಣಕ್ಕೂ ಬಿಡಿಬಿಡಿ ಪದಗಳ ನಡುವೆಯೂ ಈ ದ್ವಿತ್ವ ಕೇಳುತ್ತದೆ, ಉತ್ತರದವರ ಮಾತಿನಲ್ಲಿ ಸಾಮಾನ್ಯವಾಗಿ ಕೇಳುವುದಿಲ್ಲ. ಆದರೆ ಎರಡು ಪದ ಒಂದಾಗಿ ಬರವಣಿಗೆಯಲ್ಲಿ ನೆಲೆನಿಂತ ಮೇಲೆ ಇಡೀ ದೇಶಕ್ಕೆ ಕಾಗುಣಿತ ಒಂದೇ.

ದ್ವಿತ್ವ ತರುವ ಮೊದಲ ಪದಗಳನ್ನು ಬಾಯಿಪಾಠ ಮಾಡಬೇಕು, ಬೇರೆ ದಾರಿಯಿಲ್ಲ:

ಅ: ಅದ್-ˈದೀ-ಒ (ವಿದಾಯ, ದೇವರಿಗೆ ಎಂಬ ಮೂಲದಿಂದ).
ಎ, ಒ, ಸೆ: ಎಪ್-ˈಪೂ-ರೆ (ಆದರೂ), ಒಪ್-ˈಪೂ-ರೆ (ಅಥವಾ), ಒಸ್-ˈಸೀ-ಅ (ಅಂದರೆ), ಸೆಬ್-ˈಬೇ-ನೆ (ಆಗಿದ್ದರೂ).
ದ, ಫ್ರ: ದವ್-ˈವೇ-ರೊ (ನಿಜವಾಗಿ), ಫ್ರತ್-ˈತೆಂ-ಪೊ (ನಡುವಿನ ಸಮಯ).
ಸೊಪ್ರ, ಕೊಂತ್ರ: ಸೊ-ಪ್ರನ್-ˈನೋ-ಮೆ (ಅಡ್ಡಹೆಸರು), ಕೊನ್-ತ್ರದ್-ˈದೀ-ರೆ (ವಿರೋಧವಾಗಿ ಹೇಳು).
ಕೊನೆಯಲ್ಲಿ ಒತ್ತಿರುವವು: ಕೊ-ಸಿದ್-ˈದೆತ್-ತೊ (ಹೀಗೆನ್ನಲಾಗುವ), ಪ್ಯುತ್-ˈತೊ-ಸ್ತೊ (ಅದಕ್ಕಿಂತ), ಲಸ್-ˈಸು (ಅಲ್ಲಿ ಮೇಲೆ), ಲಜ್-ˈಜು (ಅಲ್ಲಿ ಕೆಳಗೆ).

ಕೊಂತ್ರಕ್ಕೆ ಅವಳಿಯಂತೆ ಕಾಣುವ ಕೊಂತ್ರೊ ದ್ವಿತ್ವ ತರುವುದಿಲ್ಲ. ಕೊನ್-ತ್ರೊ-ˈಸೆನ್-ಸೊ (ಅಸಂಬದ್ಧ ಮಾತು) ಒಂದೇ ಸಕಾರದ್ದು. ಸೊತ್ತೊ, ದಿ, ರಿ ಕೂಡ ಹಾಗೆಯೇ: ಸೊತ್-ತೊ-ˈತೀ-ತೊ-ಲೊ (ಉಪಶೀರ್ಷಿಕೆ), ದಿ-ˈಫತ್-ತಿ (ನಿಜಕ್ಕೂ), ರಿ-ˈಫಾ-ರೆ (ಮತ್ತೆ ಮಾಡು). ಅಕಾರದಲ್ಲಿ ಮುಗಿಯುವ ಕೊಂತ್ರ ಇಮ್ಮಡಿಸುತ್ತದೆ, ಒಕಾರದಲ್ಲಿ ಮುಗಿಯುವುದು ಇಮ್ಮಡಿಸುವುದಿಲ್ಲ ಎಂಬ ಒಂದು ವ್ಯತ್ಯಾಸ ಹಿಡಿದರೆ ಹತ್ತಾರು ಪದಗಳ ಕಾಗುಣಿತ ಕೈಗೆ ಬರುತ್ತದೆ. ದ್ವಿತ್ವ ಬಂದಲ್ಲಿ ತುಂಡು ಎರಡು ವ್ಯಂಜನಗಳ ನಡುವೆಯೇ ಬೀಳುತ್ತದೆ. ‘ಸೊಪ್ರ’ ಇಡಿಯಾಗಿ ಉಳಿಯಲಿ ಎಂದು ‘ಸೊ-ಪ್ರ-ತ್ತುತ್-ತೊ’ ಮಾಡಬಾರದು.

ಒತ್ತು: ಈಗ ಬೆಸುಗೆಯನ್ನು ಹುಡುಕಿ

ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ, ಆದ್ದರಿಂದ ನಮ್ಮ ಕಿವಿ ಅದಕ್ಕೆ ಪಳಗಿಲ್ಲ. ಅರಿವಿಲ್ಲದೆ ಪದದ ಮೊದಲಿಗೆ ಭಾರ ಬಿಡುತ್ತೇವೆ. ಇಟಾಲಿಯನ್ ಜೋಡುಪದದಲ್ಲಿ ಭಾರ ಹಿಂಭಾಗಕ್ಕೆ ಹೋಗುತ್ತದೆ: ಎರಡನೇ ಪದ ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ, ಕೂಡಿದ ಮೇಲೂ ಮುಖ್ಯ ಒತ್ತು ಅಲ್ಲೇ. ಹಾಗಾಗಿ ಮಾಡಬೇಕಾದ ಕೆಲಸ ಇಷ್ಟೇ: ಬೆಸುಗೆ ಹುಡುಕಿ, ಎರಡನೇ ಪದವನ್ನು ಪ್ರತ್ಯೇಕವಾಗಿ ಸರಿಯಾಗಿ ನುಡಿಯಿರಿ, ಅದರ ಮುಂದೆ ಮೊದಲ ಪದವನ್ನು ಹಗುರಾಗಿ ಇಡಿ.

ˈಚೇ-ನೆ-ರೆ (ಬೂದಿ) ಕೊನೆಯಿಂದ ಮೂರನೇ ತುಂಡಿಗೆ ಒತ್ತಿರುವ ಪದ. ಹಾಗಾಗಿ ಪೊರ್-ತ-ˈಚೇ-ನೆ-ರೆ (ಆಶ್‌ಟ್ರೇ). ˈಪೊಲ್-ವೆ-ರೆ (ಧೂಳು) ಕೂಡ ಅಂಥದೇ, ಆದ್ದರಿಂದ ಅ-ಸ್ಪಿ-ರ-ˈಪೊಲ್-ವೆ-ರೆ (ವ್ಯಾಕ್ಯೂಮ್ ಕ್ಲೀನರ್). ˈಚೇ-ಲೊ (ಆಕಾಶ) ಕೊನೆಯಿಂದ ಎರಡನೆಯದಕ್ಕೆ ಒತ್ತಿರುವುದು, ಹಾಗಾಗಿ ಗ್ರತ್-ತ-ˈಚೇ-ಲೊ (ಗಗನಚುಂಬಿ ಕಟ್ಟಡ). ತೆರ್-ರೆ-ˈಮೋ-ತೊ (ಭೂಕಂಪ), ಅರ್-ಕೊ-ಬ-ˈಲೇ-ನೊ (ಕಾಮನಬಿಲ್ಲು), ಫ್ರನ್-ಕೊ-ˈಬೊಲ್-ಲೊ (ಅಂಚೆಚೀಟಿ), ಅಕ್-ಕ್ವ-ˈಫೊರ್-ತೆ (ಆಮ್ಲದಿಂದ ಕೊರೆದ ಅಚ್ಚುಚಿತ್ರ), ಅ-ಗ್ರೊ-ˈದೊಲ್-ಚೆ (ಹುಳಿಸಿಹಿ) ಎಲ್ಲವೂ ಇದೇ ದಾರಿ. ಕನ್ನಡದ ಕ್ರಿಯಾಸಮಾಸದಲ್ಲಿ ನಾಮಪದ ಮುಂದೆ, ಕ್ರಿಯೆ ಹಿಂದೆ: ಕೈಮುಗಿ, ತಲೆದೂಗು. ಇಟಾಲಿಯನ್ನಿನಲ್ಲಿ ತಿರುವುಮುರುವು, ಕ್ರಿಯೆ ಮೊದಲು, ವಸ್ತು ಆಮೇಲೆ. ಗ್ರತ್ತ ಎಂದರೆ ಕೆರೆಯುತ್ತದೆ, ಚೇಲೊ ಎಂದರೆ ಆಕಾಶ. ಒತ್ತು ಬೀಳುವುದು ವಸ್ತುವಿನ ಮೇಲೆ.

ಉದ್ದದ ಜೋಡುಪದದಲ್ಲಿ ಮೊದಲ ಭಾಗಕ್ಕೂ ಕಿರು ಒತ್ತು ಸಿಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಅದು ಇಡೀ ಪದದ ಮೊದಲ ತುಂಡಿಗಲ್ಲ, ಮೊದಲ ಪದದ ಸ್ವಂತ ಒತ್ತಿನ ಜಾಗಕ್ಕೆ. ‘ಹೀರುತ್ತದೆ’ ಎಂಬುದಕ್ಕೆ ಅ-ˈಸ್ಪೀ-ರ, ಆದ್ದರಿಂದ ಅ-ˌಸ್ಪಿ-ರ-ˈಪೊಲ್-ವೆ-ರೆ. ‘ಒರೆಸುತ್ತದೆ’ ಎಂಬುದಕ್ಕೆ ಅ-ˈಶೂ-ಗ. ಆದ್ದರಿಂದ ಅ-ˌಶು-ಗ-ˈಮಾ-ನೊ (ಕೈವಸ್ತ್ರ, ಟವೆಲ್). ‘ಕೆದಕುತ್ತದೆ’ ಎಂಬ ಪದಕ್ಕೆ ಮೊದಲಲ್ಲೇ ಒತ್ತು, ಹಾಗಾಗಿ ˌಸ್ತುತ್-ತ್ಸಿ-ಕ-ˈದೆನ್-ತಿ (ಹಲ್ಲುಕಡ್ಡಿ). ಕಿರು ಒತ್ತಿದ್ದಲ್ಲಿ ಪೂರ್ತಿ ದೀರ್ಘ ಎಳೆಯಬೇಡಿ. ಎಳೆದರೆ ಕೇಳುವವರಿಗೆ ಎರಡು ಬಿಡಿ ಪದಗಳಂತೆ ಕೇಳುತ್ತದೆ.

ಮೆಂತೆ ಸೇರಿದ ಕ್ರಿಯಾವಿಶೇಷಣಗಳೂ ಹೀಗೇ ನಡೆಯುತ್ತವೆ. ಮೆಂತೆ ಮೂಲದಲ್ಲಿ ‘ಮನಸ್ಸಿನಿಂದ’ ಎಂಬ ಲ್ಯಾಟಿನ್ ಪದ. ˈಫಾ-ಚಿ-ಲೆ (ಸುಲಭ) ಅದಕ್ಕೆ ಕೂಡಿದರೆ ಕೊನೆಯ ಎಕಾರ ಲೋಪವಾಗಿ ˌಫ-ಚಿಲ್-ˈಮೆನ್-ತೆ. ಮುಖ್ಯ ಒತ್ತು ಎಂದೂ ಮೆನ್ ಮೇಲೆಯೇ.

ಈ ಸೂತ್ರ ಕೆಲಸ ಮಾಡದ ಕಡೆ

ಎರಡನೇ ಭಾಗ ಸ್ವತಂತ್ರ ಪದವಲ್ಲದೆ ಗ್ರೀಕ್ ಅಥವಾ ಲ್ಯಾಟಿನ್ನಿನ ತುಣುಕಾಗಿದ್ದರೆ ಮೇಲಿನ ಸೂತ್ರ ಕೈಕೊಡುತ್ತದೆ. ಇಂಥ ಪಾಂಡಿತ್ಯದ ಜೋಡುಪದಗಳಲ್ಲಿ ಹೆಚ್ಚಿನವಕ್ಕೆ ಕೊನೆಯಿಂದ ಮೂರನೇ ತುಂಡಿಗೆ ಒತ್ತು. ಹಲವು ಸಲ ಅದು ಬೆಸುಗೆಯ ಸ್ವರದ ಮೇಲೆಯೇ, ಮೊದಲ ಭಾಗದ ಬಾಲದ ಮೇಲೆಯೇ ಬೀಳುತ್ತದೆ: ಫೊ-ˈತೋ-ಗ್ರ-ಫೊ (ಛಾಯಾಗ್ರಾಹಕ), ತೆರ್-ˈಮೋ-ಮೆ-ತ್ರೊ (ಉಷ್ಣತಾಮಾಪಕ), ಕಿ-ˈಲೋ-ಮೆ-ತ್ರೊ, ಪ್ಸಿ-ˈಕೋ-ಲೊ-ಗೊ (ಮನಶ್ಶಾಸ್ತ್ರಜ್ಞ), ಕರ್-ˈನೀ-ವೊ-ರೊ (ಮಾಂಸಾಹಾರಿ), ತೆ-ˈಲೇ-ಫೊ-ನೊ, ಎ-ಲಿ-ˈಕೊತ್-ತೆ-ರೊ, ಇಪ್-ˈಪೋ-ದ್ರೊ-ಮೊ (ಕುದುರೆ ರೇಸಿನ ಮೈದಾನ).

ಆದ್ದರಿಂದ ಒತ್ತು ನಿರ್ಧರಿಸುವ ಮೊದಲು ಕೇಳಬೇಕಾದ ಪ್ರಶ್ನೆ: ಎರಡನೇ ಭಾಗ ಇದೇ ಅರ್ಥದಲ್ಲಿ ಒಂಟಿಯಾಗಿ ನಿಲ್ಲುತ್ತದೆಯೇ? ಔತೊ ಎಂಬ ಒಂದೇ ಮೊದಲ ಭಾಗವನ್ನು ನೋಡಿ. ಸ್ತ್ರಾದ (ರಸ್ತೆ) ಸ್ವತಂತ್ರ ಪದ, ಹಾಗಾಗಿ ಔ-ತೊ-ˈಸ್ತ್ರಾ-ದ (ಹೆದ್ದಾರಿ). ನೊಮೊ ಸ್ವತಂತ್ರವಲ್ಲ, ಹಾಗಾಗಿ ಔ-ˈತೋ-ನೊ-ಮೊ (ಸ್ವಾಯತ್ತ). ತೆಲೆ ತೆಗೆದುಕೊಳ್ಳಿ: ತೆ-ಲೆ-ಕೊ-ˈಮನ್-ದೊ (ಟಿ.ವಿ. ರಿಮೋಟು) ಒಂದು ಕಡೆ, ತೆ-ˈಲೇ-ಫೊ-ನೊ ಇನ್ನೊಂದು ಕಡೆ. ಫೊತೊ: ಫೊ-ತೊ-ಮೊ-ˈದೆಲ್-ಲ (ರೂಪದರ್ಶಿ), ಫೊ-ˈತೋ-ಗ್ರ-ಫೊ. ಪ್ರಶ್ನೆಯಲ್ಲಿ ‘ಇದೇ ಅರ್ಥದಲ್ಲಿ’ ಎಂಬ ಮಾತು ಮುಖ್ಯ. ˈಮೇ-ತ್ರೊ ಎಂಬ ಪದ ಸ್ವತಂತ್ರವಾಗಿಯೂ ಇದೆ, ಉದ್ದದ ಅಳತೆ. ಅದನ್ನು ನಂಬಿ ‘ತೆರ್ಮೊಮೇತ್ರೊ’ ಎಂದವರು ತಪ್ಪಿದರು. ಅಲ್ಲಿ ಮೆತ್ರೊ ಎಂದರೆ ಅಳೆಯುವಂಥದು. ಉದ್ದದ ಅಳತೆಗಳಾದ ಕಿಲೋಮೆತ್ರೊ, ಚೆನ್-ˈತೀ-ಮೆ-ತ್ರೊ ಕೂಡ ಪಾಂಡಿತ್ಯದ ಗುಂಪಿನಲ್ಲೇ ಸೇರಿಕೊಂಡಿವೆ, ಇವನ್ನು ಹಾಗೇ ನೆನಪಿಡಬೇಕು.

ಎಲ್ಲ ತುಣುಕುಗಳೂ ಮೂರನೆಯದಕ್ಕೆ ಒತ್ತು ತರುವುದಿಲ್ಲ. ತೇಕ (ಸಂಗ್ರಹ) ತನ್ನ ಮೇಲೇ ಇಟ್ಟುಕೊಳ್ಳುತ್ತದೆ: ಬಿ-ಬ್ಲ್ಯೊ-ˈತೇ-ಕ (ಗ್ರಂಥಾಲಯ). ಚೀದ (ಕೊಲ್ಲುವಂಥದು) ಹಾಗೇ: ಇನ್-ಸೆತ್-ತಿ-ˈಚೀ-ದ (ಕೀಟನಾಶಕ). ಸ್ಕೋಪ್ಯೊ: ಮಿ-ಕ್ರೊ-ˈಸ್ಕೋ-ಪ್ಯೊ. ಗ್ರಫೀಅ, ಲೊಜೀಅ, ಮೆತ್ರೀಅಗಳಲ್ಲಿ ಈಕಾರಕ್ಕೆ ಒತ್ತು: ಫೊ-ತೊ-ಗ್ರ-ˈಫೀ-ಅ. ಹಾಗಾಗಿ ಛಾಯಾಗ್ರಾಹಕನಿಂದ ಛಾಯಾಗ್ರಹಣಕ್ಕೆ ಹೋದಾಗ ಒತ್ತು ಎರಡು ತುಂಡು ಮುಂದೆ ಜಿಗಿಯುತ್ತದೆ. ವೈದ್ಯರ ಹೆಸರುಗಳಲ್ಲಿ ಬರುವ ಯಾತ್ರ ತುಣುಕು ಇಟಾಲಿಯನ್ನರನ್ನೂ ಎಡವಿಸುತ್ತದೆ: ಮನೋವೈದ್ಯ ಪ್ಸಿ-ˈಕ್ಯಾ-ತ್ರ, ಮಕ್ಕಳ ವೈದ್ಯ ಪೆ-ˈದ್ಯಾ-ತ್ರ. ಇಕಾರಕ್ಕೆ ಒತ್ತು ಕೊಟ್ಟು ‘ಪ್ಸಿಕೀಅತ್ರ’ ಎನ್ನುವವರು ಅಲ್ಲೂ ಇದ್ದಾರೆ. ನಿಘಂಟು ಒಪ್ಪುವುದು ಕ್ಯಾ ಮೇಲಿನ ಒತ್ತನ್ನು.

ಕೊನೆಯ ತುಂಡಿನ ಗೀಟು

ಬಹುತುಂಡಿನ ಪದಕ್ಕೆ ಕೊನೆಯ ಸ್ವರದಲ್ಲಿ ಒತ್ತಿದ್ದರೆ ಆ ಸ್ವರದ ತಲೆಯ ಮೇಲೆ ಗೀಟು ಕಡ್ಡಾಯ. ಒಂದೇ ತುಂಡಿನ ಪದ ಒಂಟಿಯಾಗಿದ್ದಾಗ ಗೀಟು ಇಲ್ಲದಿದ್ದರೂ ಜೋಡುಪದದ ಕೊನೆಗೆ ಬಂದ ಕೂಡಲೇ ಗೀಟು ಬೇಕಾಗುತ್ತದೆ. ತ್ರೆ (3) ಬರಿದಲೆ, ವೆನ್-ತಿ-ˈತ್ರೆ (23) ಗೀಟಿನದು. ರೆ (ರಾಜ) ಬರಿದಲೆ, ವಿ-ಚೆ-ˈರೆ (ರಾಜಪ್ರತಿನಿಧಿ) ಗೀಟಿನದು. ಬ್ಲು (ನೀಲಿ) ಬರಿದಲೆ, ರೊಸ್-ಸೊ-ˈಬ್ಲು (ಕೆಂಪುನೀಲಿ) ಗೀಟಿನದು. ಪೊ ನದಿಯ ಹೆಸರಿಗೆ ಗೀಟಿಲ್ಲ, ಆ ನದಿಯ ಆಚೆಯ ಸೀಮೆ ಒಲ್-ತ್ರೆ-ˈಪೊ ಆದಾಗ ಇದೆ. ಸೋಮವಾರದಿಂದ ಶುಕ್ರವಾರದವರೆಗಿನ ಹೆಸರುಗಳೂ ‘ದಿ’ (ದಿನ) ಸೇರಿದ ಜೋಡುಪದಗಳೇ: ಲು-ನೆ-ˈದಿ, ಮರ್-ತೆ-ˈದಿ. ಇವನ್ನು ‘ಲುನೆದೀ’ ಎಂದು ಎಳೆಯುವುದು ನಮ್ಮವರಲ್ಲಿ ತುಂಬ ಸಾಮಾನ್ಯ. ದಿ ಚುಟುಕಾಗಿ ಮುಗಿಯಬೇಕು. ಶನಿವಾರ, ಭಾನುವಾರ ಈ ಗುಂಪಿನವಲ್ಲ: ˈಸಾ-ಬ-ತೊ, ದೊ-ˈಮೇ-ನಿ-ಕ.

ಗೀಟಿನ ಓರೆಯಲ್ಲೂ ಎರಡು ಬಗೆ. ಪೆರ್-ˈಕೆ (ಏಕೆ), ವೆಂತಿತ್ರೆ, ವಿಚೆರೆಗಳಲ್ಲಿ ಎಕಾರ ಮುಚ್ಚಿದ್ದು (ಬಾಯಿ ಕಡಿಮೆ ತೆರೆದು ನುಡಿಯುವುದು), ಗೀಟು ಬಲಕ್ಕೆ ಏರುತ್ತದೆ. ಚೊ-ˈಎ (ಅಂದರೆ) ಎಂಬ ಜೋಡುಪದದಲ್ಲಿ ಎಕಾರ ತೆರೆದದ್ದು (ಬಾಯಿ ಹೆಚ್ಚು ತೆರೆದು ನುಡಿಯುವುದು), ಗೀಟು ಬಲಕ್ಕೆ ಇಳಿಯುತ್ತದೆ. ಅ, ಒಗಳಿಗೆ ಇಳಿಯುವುದೇ. ಇ, ಉಗಳಿಗೂ ಸಾಮಾನ್ಯವಾಗಿ ಅದೇ. ಇನ್ನು ಗೀಟಿನ ಪದ ಜೋಡುಪದದ ಮೊದಲ ಭಾಗವಾದರೆ ಗೀಟು ಬಿದ್ದುಹೋಗುತ್ತದೆ. ಕೊಸಿದ್ದೆತ್ತೊದಲ್ಲಿ ಕೊಸಿಯ ಗೀಟು ಉಳಿಯಲಿಲ್ಲ, ಅದರ ಬದಲು ದ್ವಿತ್ವ ಉಳಿಯಿತು.

ಬಾಲಕ್ಕೆ ಸರ್ವನಾಮ ಅಂಟಿದಾಗ

ಇದು ಜೋಡುಪದ ಅಲ್ಲದಿದ್ದರೂ ಕಣ್ಣಿಗೆ ಹಾಗೇ ಕಾಣುವುದರಿಂದ ಹೇಳಬೇಕು. ಕ್ರಿಯಾಪದದ ಬಾಲಕ್ಕೆ ಸರ್ವನಾಮ ಅಂಟಿದರೆ ಒತ್ತು ಕದಲುವುದಿಲ್ಲ, ಬಾಲ ಮಾತ್ರ ಉದ್ದವಾಗುತ್ತದೆ: ˈಮನ್-ದ (ಕಳಿಸು), ˈಮನ್-ದ-ಮೆ-ಲೊ (ಅದನ್ನು ನನಗೆ ಕಳಿಸು), ಪೊರ್-ˈತಾ-ತೆ (ತನ್ನಿ), ಪೊರ್-ˈತಾ-ತೆ-ಮೆ-ಲೊ (ಅದನ್ನು ನನಗೆ ತನ್ನಿ). ಜೋಡುಪದದ ಸೂತ್ರ ಹಚ್ಚಿ ‘ಮೆ’ ಮೇಲೆ ಒತ್ತು ಹಾಕಿದರೆ ಪದವೇ ಗುರುತು ಸಿಗುವುದಿಲ್ಲ. ಒಂದೇ ತುಂಡಿನ ಆಜ್ಞಾರೂಪಕ್ಕೆ ಅಂಟಿದಾಗ ಮಾತ್ರ ದ್ವಿತ್ವ ಬರುತ್ತದೆ: ˈದಮ್-ಮಿ (ನನಗೆ ಕೊಡು), ˈದಿಮ್-ಮಿ (ನನಗೆ ಹೇಳು).

ಸಾಲಿನ ಕೊನೆಯಲ್ಲಿ

ಸಾಲು ಮುರಿಯಲು ಇಟಲಿಯಲ್ಲಿ ಯುಎನ್‌ಐ 6461 ಎಂಬ ಮಾನಕವೇ ಇದೆ. ಮೇಲಿನ ನಿಯಮಗಳ ಜೊತೆ ಮೂರು ಜಾಗ್ರತೆ ಸಾಕು. ಪದದ ಮೊದಲ ತುಂಡು ಒಂಟಿ ಸ್ವರವಾಗಿದ್ದರೆ ಅದನ್ನೊಂದನ್ನೇ ಸಾಲಿನ ಕೊನೆಯಲ್ಲಿ ಬಿಡದಿರುವುದು ವಾಡಿಕೆ. ಎರಡು ಸ್ವರಗಳ ನಡುವೆ ಮುರಿಯುವ ಬದಲು ಬೇರೆ ಜಾಗ ಹುಡುಕಿ; ಪೊರ್ತಒಂಬ್ರೆಲ್ಲಿಯಂಥ ಪದದಲ್ಲಿ ‘ಪೊರ್-’ ಬಳಿಯೋ ‘ಬ್ರೆಲ್-’ ಬಳಿಯೋ ಮುರಿದರೆ ತಕರಾರಿಲ್ಲ. ಮೇಲಲ್ಪವಿರಾಮದ (ಅಪಾಸ್ಟ್ರಫಿ, ಲೋಪವಾದ ಸ್ವರದ ಗುರುತು) ಪದಗಳಲ್ಲಿ, ಉದಾಹರಣೆಗೆ ದೆಲ್-ˈಲಲ್-ಬೆ-ರೊ (ಮರದ), ಲೋಪವಾದ ಸ್ವರವನ್ನು ಮತ್ತೆ ತಂದು ಬರೆಯಬೇಡಿ. ಎರಡು ಲಕಾರಗಳ ನಡುವೆ ಮುರಿಯಿರಿ.

ಕಂಪ್ಯೂಟರಿನಲ್ಲಿ ಟೈಪ್ ಮಾಡುವವರು ಆ ಭಾಗದ ಭಾಷೆಯನ್ನು ಇಟಾಲಿಯನ್ ಎಂದು ಗುರುತಿಸಲೇಬೇಕು. ಇಂಗ್ಲಿಷ್ ಎಂದೇ ಉಳಿದರೆ ಇಂಗ್ಲಿಷಿನ ನಿಯಮ ಬಂದು ಸಕಾರ ತಕಾರಗಳು ಬೇರೆಯಾಗುತ್ತವೆ. ಹಾಡುಗಾರಿಕೆ ಕಲಿಯುವವರ ಸ್ವರಲಿಪಿ ಪುಸ್ತಕಗಳಲ್ಲಿ ಸಾಹಿತ್ಯವನ್ನು ತುಂಡರಿಸುವುದೂ ಇದೇ ಕ್ರಮದಲ್ಲಿ, ‘ಕ್ವೆ-ಸ್ತ’ ಎಂದು. ಅಲ್ಲಿ ಮುದ್ರಣ ಸಕಾರವನ್ನು ಮುಂದಿನ ಸ್ವರಕ್ಕೆ ಕೊಟ್ಟಿದ್ದರೂ ಹಾಡುವಾಗ ಮೊದಲ ಸ್ವರ ಎಷ್ಟು ನಿಲ್ಲಬೇಕೆಂದು ರಾಗ ಹೇಳುತ್ತದೆ.

ಒಂದು ಪದ, ಪೂರ್ತಿ

1983ನ್ನು ಇಟಾಲಿಯನ್ನಿನಲ್ಲಿ ಅಕ್ಷರದಲ್ಲಿ ಬರೆದರೆ ಒಂದೇ ಪದ. ಮಿಲ್ಲೆ (ಸಾವಿರ), ನೋವೆ (ಒಂಬತ್ತು), ಚೆಂತೊ (ನೂರು), ಒತ್ತಂತ (ಎಂಬತ್ತು), ತ್ರೆ (ಮೂರು). ಚೆಂತೊ ಮುಂದೆ ಒತ್ತಂತ ಬಂದಾಗ ಒಂದು ಒಕಾರ ಲೋಪವಾಗುತ್ತದೆ. ತುಂಡುಗಳು ಒಂಬತ್ತು:

ಮಿಲ್-ಲೆ-ನೊ-ವೆ-ಚೆನ್-ತೊತ್-ತನ್-ತ-ˈತ್ರೆ

ಚೆಂತೊದ ತಕಾರ ಬೆಸುಗೆ ದಾಟಿ ‘ತೊತ್’ ಆಗಿದ್ದನ್ನು ಗಮನಿಸಿ. ಮುಖ್ಯ ಒತ್ತು ಕೊನೆಯ ತ್ರೆ ಮೇಲೆ, ಅಲ್ಲಿ ಬಲಕ್ಕೆ ಏರುವ ಗೀಟು. ನುಡಿಯುವುದನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿಕೊಳ್ಳಿ: ಮೊದಲು ಬರೀ ತ್ರೆ, ಅದು ಗಟ್ಟಿಯಾದ ಮೇಲೆ ತನ್-ತ-ತ್ರೆ, ಆಮೇಲೆ ತೊತ್-ತನ್-ತ-ತ್ರೆ, ಹೀಗೆ ಒಂದೊಂದೇ ಭಾಗ ಮುಂದೆ ಸೇರಿಸುತ್ತ ಬನ್ನಿ. ಮುಂದಿನಿಂದ ಶುರು ಮಾಡಿದರೆ ಕನ್ನಡದ ನಾಲಗೆ ಮಿಲ್ ಮೇಲೆ ಭಾರ ಸುರಿದು ಕೊನೆಗೆ ಉಸಿರು ಸಾಲದೆ ತ್ರೆಯನ್ನು ನುಂಗುತ್ತದೆ. ಕಪೊಸ್ತತ್ಸ್ಯೋನೆಗೂ ಇದೇ ಮದ್ದು: ತ್ಸ್ಯೋ-ನೆ, ಸ್ತ-ತ್ಸ್ಯೋ-ನೆ, ಕ-ಪೊ-ಸ್ತ-ತ್ಸ್ಯೋ-ನೆ. ಅನುಮಾನ ಬಂದ ಪದವನ್ನು ಇಟಲಿಯ ಪ್ರಸಾರ ಸಂಸ್ಥೆ ರಾಯ್‌ನ ಉಚ್ಚಾರಣೆ ನಿಘಂಟಿನಲ್ಲಿ ನೋಡಿ. ಅಂತರ್ಜಾಲದಲ್ಲಿ ಸಿಗುತ್ತದೆ, ಒತ್ತಿನ ಜಾಗ ಗುರುತಿಸಿರುತ್ತದೆ.